ಹೊಡೆದಾಟದ ಕೇಸಲ್ಲಿ ಶಿಕ್ಷೆಯಾದರೆ: ವಾದವೋ, ರಾಜಿಯೋ?

ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಜೈಲು ಶಿಕ್ಷೆಯಾಯಿತೇ? ಯಾವ ದಾರಿ ಹಿಡಿದರೂ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಬೇಕು. ಜೊತೆಗೇ ಶಿಕ್ಷೆ ಅಮಾನತಿನ (ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆಹಿಡಿಯುವ) ಅರ್ಜಿಯೂ ಇರಲಿ. ಸುಮ್ನೆ ಅಪೀಲು ಹಾಕಿದರೆ ಜೈಲು ತಪ್ಪುವುದಿಲ್ಲ.

ವಾದದಲ್ಲಿ ಸಾಮಾನ್ಯವಾಗಿ ಕೆಳಗಿನ ಕೋರ್ಟಿನ ಹಳೆಯ ದಾಖಲೆಯೇ ಆಧಾರ. ಗಾಯಾಳು ‘ಮಚ್ಚಿನಿಂದ ಹೊಡೆದ’ ಅಂದು, ಗಾಯದ ಸರ್ಟಿಫಿಕೇಟಲ್ಲಿ ಬರೀ ತರಚುಗಾಯ ಇದ್ದರೆ ನಿಮ್ಮ ವಾದಕ್ಕೆ ಬಲವಿದೆ. ನಿಮ್ಮ ಅಪೀಲಿನಲ್ಲೇ ಶಿಕ್ಷೆ ಹೆಚ್ಚಿಸುವಂತಿಲ್ಲ.

ಸಾದಾ ಗಾಯದ ಕೇಸಾದರೆ (ಹಳೆಯ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 323, ಈಗ ಅದರ ಬದಲು ಬಂದ ಬಿಎನ್‌ಎಸ್‌ನ 115(2)) ರಾಜಿಗೂ ದಾರಿಯಿದೆ. ಗಾಯಾಳು ಒಪ್ಪಬೇಕು, ಅಪೀಲು ಕೋರ್ಟು ಅನುಮತಿ ಕೊಡಬೇಕು. ಆಗ ಖುಲಾಸೆಯೇ ಆಗುತ್ತದೆ. ಆದರೆ ಆಯುಧದಿಂದ ಗಾಯ ಮಾಡಿದ ಕೇಸು (ಐಪಿಸಿ 324) ಈಗ ರಾಜಿ ಪಟ್ಟಿಯಲ್ಲಿಲ್ಲ.

ಹೊಡೆದೇ ಇಲ್ಲ ಅನ್ನುವವರು ವಾದ ಬಿಡಬೇಡಿ. ಆದರೆ ಎದುರಾಳಿ ಪಕ್ಕದ ಹೊಲದವರಾದರೆ ನಾನು ಮೊದಲು ರಾಜಿಗೇ ಹೇಳುತ್ತೇನೆ. ಬದುವಿನ ಮೇಲೆ ದಿನಾ ಮುಖ ನೋಡಬೇಕಲ್ವಾ?