ಕತ್ತರಿ, 60 ಮಿ.ಮೀ., 45 ಮಿ.ಮೀ.: ಕ್ವಿಲ್ಟ್ ಬಟ್ಟೆಗೆ ನನ್ನ ಕೈಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ಬಟ್ಟೆಯ ಚೌಕಗಳನ್ನು ಸೇರಿಸಿ ಕೌದಿಯಂತೆ ಹೊಲಿಯುವ ಕ್ವಿಲ್ಟ್ ಕೆಲಸಕ್ಕೆ ನನ್ನ ಮೆಚ್ಚುಗೆ 45 ಮಿ.ಮೀ. ವ್ಯಾಸದ ದುಂಡು ಬ್ಲೇಡನ್ನು ಬಟ್ಟೆಯ ಮೇಲೆ ಉರುಳಿಸಿ ಕತ್ತರಿಸುವ ರೋಟರಿ ಕಟರ್‌ಗೆ. ಅದರಲ್ಲೂ ಹಿಡಿ ಅದುಮಿದಾಗ ಮಾತ್ರ ಬ್ಲೇಡ್ ಹೊರಬಂದು, ಕೈ ಬಿಟ್ಟ ಕೂಡಲೇ ಒಳಗೆ ಹೋಗುವಂಥದ್ದಕ್ಕೆ. ಇದನ್ನು ಕೊಂಡಿದ್ದು ಬೆರಳು ಕುಯ್ದುಕೊಂಡ ಮೇಲೆ.

ಶುರುವಿನಲ್ಲಿ ಕತ್ತರಿಯೇ ಸಾಕು ಅಂದುಕೊಂಡಿದ್ದೆ. ಆದರೆ ಕತ್ತರಿಯ ಕೆಳಗಿನ ಅಲಗು ಬಟ್ಟೆಯನ್ನು ಮೇಜಿನಿಂದ ಎತ್ತುತ್ತದೆ. ಎರಡು ಪದರ ಇಟ್ಟರೆ ಮೇಲಿನದು ಒಂದು ಅಳತೆ, ಕೆಳಗಿನದು ಇನ್ನೊಂದು. ಚೌಕಕ್ಕೆ 1 ಮಿ.ಮೀ. ಹೆಚ್ಚಾದರೂ 12 ಚೌಕದ ಸಾಲು ಹತ್ತಿರ ಹತ್ತಿರ ಅರ್ಧ ಇಂಚು ಉದ್ದವಾಗುತ್ತದೆ. ಪಕ್ಕದ ಸಾಲಿನ ಮೂಲೆಗೆ ಮೂಲೆ ಕೂಡಲಿಲ್ಲ, ಇಡೀ ಸಾಲು ಬಿಚ್ಚಿದೆ. ದುಂಡು ಆಕಾರಗಳಿಗೆ ಮಾತ್ರ ಈಗಲೂ ಕತ್ತರಿಯೇ.

ಆಮೇಲೆ ಬಂದದ್ದು 60 ಮಿ.ಮೀ. ಕಟರ್. ಆರು ಪದರ ಸಲೀಸಾಗಿ ಕತ್ತರಿಸುತ್ತದೆ. ಆದರೆ ನನ್ನದರ ರಕ್ಷಾಕವಚವನ್ನು ಪ್ರತಿ ಸಲ ಹೆಬ್ಬೆರಳಿನಿಂದ ಸರಿಸಿ ಮುಚ್ಚಬೇಕು. ಒಂದು ಸಂಜೆ ಮುಚ್ಚದೆ ಮೇಜಿನ ಮೇಲಿಟ್ಟು, ಪಟ್ಟಿ ಎತ್ತಿಕೊಳ್ಳಲು ಕೈ ಚಾಚಿದೆ. ಉಂಗುರಬೆರಳ ತುದಿ ಸೀಳಿತು. ಬಿಳಿ ಬಟ್ಟೆಯೂ ಹಾಳಾಯಿತು.

ಕಟರ್ ಯಾವುದೇ ಇರಲಿ, ನನ್ನನ್ನು ಅತಿ ಹೆಚ್ಚು ಕಾಡಿದ್ದು ಸ್ಕೇಲ್ ಜಾರುವುದು. 24 ಇಂಚಿನ ಸ್ಕೇಲ್‌ನಲ್ಲಿ ಕಟರ್ ಅರ್ಧ ದಾರಿಗೆ ಬರುವಷ್ಟರಲ್ಲಿ ದೂರದ ತುದಿ ಮೆಲ್ಲಗೆ ಪಕ್ಕಕ್ಕೆ ವಾಲುತ್ತದೆ. ಕತ್ತರಿಸುವಾಗ ಗೊತ್ತಾಗುವುದಿಲ್ಲ, ಪಟ್ಟಿಯನ್ನು ಅಳೆದಾಗ ಒಂದು ತುದಿ 2½ ಇಂಚು, ಇನ್ನೊಂದು ತುದಿ ಅದಕ್ಕಿಂತ ಕಡಿಮೆ. ಅಂಗೈ ಪೂರ್ತಿ ಊರಿ ಒತ್ತಿದರೆ ಇನ್ನೂ ಜಾರುತ್ತದೆ. ಬೆರಳ ತುದಿಗಳನ್ನು ಅಗಲಿಸಿ ನೇರ ಕೆಳಕ್ಕೆ ಒತ್ತಬೇಕು, ಕಿರುಬೆರಳು ಸ್ಕೇಲ್‌ನ ಆಚೆ ಅಂಚಿಗೆ ತಾಗಿಕೊಂಡು ಬಟ್ಟೆಯ ಮೇಲೆ ಊರಿರಬೇಕು. ಎಂಟು ಹತ್ತು ಇಂಚು ಕತ್ತರಿಸಿ, ಕಟರ್ ಎತ್ತದೆ ಅಲ್ಲೇ ನಿಲ್ಲಿಸಿ, ಎಡಗೈಯನ್ನು ಮುಂದಕ್ಕೆ ಸರಿಸಿಕೊಳ್ಳುತ್ತೇನೆ. ಸ್ಕೇಲ್‌ನ ಅಡಿಗೆ ಉಪ್ಪುಕಾಗದದ ಚಿಕ್ಕ ತುಂಡುಗಳನ್ನು ಅಂಟಿಸಿದ್ದೇನೆ.

ಬ್ಲೇಡ್ ಮೊಂಡಾದರೂ ಇದೇ ತೊಂದರೆ, ಏಕೆಂದರೆ ಜೋರಾಗಿ ಒತ್ತುತ್ತೇವೆ, ಒತ್ತಿದಷ್ಟೂ ಸ್ಕೇಲ್ ಪಕ್ಕಕ್ಕೆ ಸರಿಯುತ್ತದೆ. ಸುಮಾರು 14 ಸೆಂ.ಮೀ.ಗೆ ಒಂದರಂತೆ ಎಳೆ ಕತ್ತರಿಸದೆ ಉಳಿದರೆ 45ರ ಬ್ಲೇಡ್‌ನಲ್ಲಿ ಒಂದು ಕಚ್ಚು ಬಿದ್ದಿದೆ ಎಂದರ್ಥ. ಅದು ಒಂದು ಸುತ್ತು ಉರುಳುವ ದೂರ ಅಷ್ಟೇ.

ಬಟ್ಟೆಯನ್ನು ಮಡಚಿ ಕತ್ತರಿಸುವಾಗ ಮಡಿಕೆಗೆ ಸ್ಕೇಲ್ ಲಂಬವಾಗಿರದಿದ್ದರೆ ಬಿಚ್ಚಿದ ಪಟ್ಟಿ ನಡುವೆ ಸೊಟ್ಟಗಾಗುತ್ತದೆ. ಕತ್ತರಿಸುವಾಗ ಬಟ್ಟೆಯ ಕೆಳಗೆ ಹಾಸುವ ಮ್ಯಾಟ್ ಮೇಲೆ ಇಸ್ತ್ರಿಪೆಟ್ಟಿಗೆ ಇಡಲೇಬೇಡಿ, ಡೊಂಕಾದದ್ದು ಮತ್ತೆ ನೆಟ್ಟಗಾಗದು.

ನಾನು ಕೂರುವುದು ರಾತ್ರಿ, ಕೆಲಸ ಮುಗಿಸಿ ದಣಿದ ಮೇಲೆ. ನಾಲ್ಕು ಪದರಕ್ಕಿಂತ ಹೆಚ್ಚು ಇಡುವುದಿಲ್ಲ. ತಾನೇ ಮುಚ್ಚಿಕೊಳ್ಳುವ 45 ನನಗೆ ಅದಕ್ಕೇ ಬೇಕು, ಕೈಯಲ್ಲಿರುವ ದುಡ್ಡನ್ನು ದೊಡ್ಡ ಕಟರ್‌ಗಿಂತ ಹೊಸ ಬ್ಲೇಡ್‌ಗೆ ಹಾಕುತ್ತೇನೆ. 60 ಈಗ ಡಬ್ಬಿಯಲ್ಲಿದೆ. ಹೊಲಿದು ಮುಗಿಸಿದ ಕ್ವಿಲ್ಟ್‌ನ ದಪ್ಪ ಅಂಚು ಸವರುವಾಗ ಮಾತ್ರ ಹೊರಗೆ ತೆಗೆಯುತ್ತೇನೆ.