ಗ್ಯಾರೇಜಿನೊಳಗೊಂದು ಮೀನಿನ ಕೊಳ: ಗೋಡೆಗೆ ಮೆಚ್ಚುಗೆ, ಫಿಲ್ಟರಿಗೆ ತಕರಾರು

ಬಳಕೆಯಿಲ್ಲದೆ ಬಿದ್ದಿದ್ದ ನಮ್ಮ ಮನೆಯ ಗ್ಯಾರೇಜಿನಲ್ಲಿ ಮೀನಿನ ಕೊಳ ಕಟ್ಟಿಕೊಡುವ ಗುತ್ತಿಗೆಯನ್ನು ಚಿಕ್ಕಮಗಳೂರಿನ ಅಲಂಕಾರಿಕ ಮೀನಿನ ಅಂಗಡಿಯೊಂದಕ್ಕೆ ವಹಿಸಿದ್ದೆವು. ಗಾರೆ ಕೆಲಸದ ಮಟ್ಟಿಗೆ ಅವರ ಹೆಸರನ್ನು ಯಾರಿಗಾದರೂ ಧಾರಾಳವಾಗಿ ಹೇಳಬಹುದು. ಫಿಲ್ಟರಿನ ವಿಷಯದಲ್ಲಿ ಮಾತ್ರ ಅವರ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ.

ಎಂಟು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳಕ್ಕೆ ಸುಮಾರು 2,800 ಲೀಟರ್ ನೀರು ಹಿಡಿಯುತ್ತದೆ, ಎಂದರೆ 2.8 ಟನ್ ಭಾರ. ನೆಲ ಅಗೆಯದೆ ಸಾಲಿಡ್ ಬ್ಲಾಕಿನ ಗೋಡೆ ಎಬ್ಬಿಸಿ, ಮೇಲ್ಭಾಗದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕೊಟ್ಟು, ಒಳಮೂಲೆಗಳನ್ನು ದುಂಡಗೆ ಮಾಡಿ ಪ್ಲಾಸ್ಟರ್ ಮಾಡಿದ್ದಾರೆ. ನೀರು ಸೋರದಂತೆ ಒಳಗೆಲ್ಲ ಶೀಟು ಹಾಸುವ ಮೊದಲು ಮೇಸ್ತ್ರಿಯವರು ಗೋಡೆಯನ್ನೆಲ್ಲ ಅಂಗೈಯಿಂದ ಸವರಿ, ಕೈಗೆ ಚುಚ್ಚಿದ ಒಂದೊಂದು ಮರಳಿನ ಕಾಳನ್ನೂ ಕೆರೆದು ತೆಗೆದದ್ದನ್ನು ನೋಡಿಯೇ ಕೆಲಸದ ಬಗ್ಗೆ ನಂಬಿಕೆ ಬಂದಿತು. ನೀರು ತುಂಬಿಸಿ, ಅಂಚಿಗೆ ಪೆನ್ಸಿಲಿನ ಗೆರೆ ಎಳೆದು, ಮಾರನೆಯ ದಿನ ಬಂದು ಮಟ್ಟ ನೋಡಿದ ಮೇಲಷ್ಟೇ ಬಾಕಿ ಹಣ ಕೇಳಿದರು. ಶೀಟಿನಿಂದಾಗಿ ನೀರಿಗೆ ಸಿಮೆಂಟು ತಗಲದಿರುವುದರಿಂದ ಸುಣ್ಣದಂಶ ಬಿಟ್ಟು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುವ ತೊಂದರೆಯೂ ಇಲ್ಲ.

ತಕರಾರು ಇರುವುದು ಇಲ್ಲಿಂದ ಮುಂದೆ. ಕೊಳದ ನೀರೆಲ್ಲ ಎರಡು ಗಂಟೆಗೆ ಒಮ್ಮೆಯಾದರೂ ಫಿಲ್ಟರಿನ ಮೂಲಕ ಹಾಯಬೇಕು. ಅವರು ಕೊಟ್ಟದ್ದು ಗಂಟೆಗೆ 1,000 ಲೀಟರಿನ ಮೋಟಾರು ಮತ್ತು ಸ್ಪಾಂಜು ತುಂಬಿದ ಪುಟ್ಟ ಡಬ್ಬ. ನೀರು ತಿಳಿಯಾಗಿದೆಯಲ್ಲ ಎಂಬುದು ಅವರ ಸಮರ್ಥನೆ, ಆದರೆ ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷಕಾರಿ ಅಮೋನಿಯಾ ಕಣ್ಣಿಗೆ ಕಾಣುವಂಥದ್ದಲ್ಲ, ಪರೀಕ್ಷೆಯ ಕಿಟ್ಟಿನಲ್ಲಿ ಹಸಿರು ಬಣ್ಣ ತಿರುಗಿದಾಗಲೇ ತಿಳಿಯುವುದು. ಅಮೋನಿಯಾವನ್ನು ನೈಟ್ರೈಟ್, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ, ಡಿಸೆಂಬರ್-ಜನವರಿಯ ಚಳಿಯಲ್ಲಿ ಇನ್ನೂ ತಡ. ಅಂಗಡಿಯವರಾದರೋ ನೀರು ತುಂಬಿದ ವಾರದಲ್ಲೇ ಹತ್ತು ಕೋಯಿ ಮೀನು ಬಿಡಿ ಎಂದರು. ಎರಡಡಿಯವರೆಗೆ ಬೆಳೆಯಬಲ್ಲ ಮೀನನ್ನು ಇಷ್ಟು ನೀರಿಗೆ ಹತ್ತರಂತೆ ಬಿಡುವುದು ವ್ಯಾಪಾರದ ಲೆಕ್ಕವೇ ಹೊರತು ಮೀನಿನ ಲೆಕ್ಕವಲ್ಲ. ಬೇರೆಯವರಿಂದ 200 ಲೀಟರಿನ ಡ್ರಮ್ಮಿನಲ್ಲಿ ಫಿಲ್ಟರು ಮಾಡಿಸಿ, ಗಂಟೆಗೆ 3,000 ಲೀಟರಿನ ಮೋಟಾರು ಕೂರಿಸಿ, ಕೆಲವೇ ಗೋಲ್ಡ್ ಫಿಷ್ ಬಿಟ್ಟ ಮೇಲೆ ಕಿಟ್ಟಿನ ಬಣ್ಣ ಹಳದಿಯಲ್ಲೇ, ಎಂದರೆ ಅಮೋನಿಯಾ ಇಲ್ಲವೆಂಬ ಬಣ್ಣದಲ್ಲೇ, ನಿಂತಿದೆ.

ಮಳೆಗಾಲದಲ್ಲಿ ಚಾವಣಿಯ ನೀರನ್ನು ನೇರ ಕೊಳಕ್ಕೆ ಹರಿಸಿ ಎಂಬ ಅವರ ಸಲಹೆಯೂ ಅರ್ಧ ಸರಿ. ಮಳೆನೀರಿನಲ್ಲಿ ಕ್ಲೋರಿನ್ ಇಲ್ಲ, ನಿಜ. ಆದರೆ ಅದರಲ್ಲಿ ಪಿಎಚ್ ಅನ್ನು ಸ್ಥಿರವಾಗಿ ಹಿಡಿದಿಡುವ ಕ್ಷಾರತೆಯೂ ಇಲ್ಲ, ಕೊಳದಲ್ಲಿ ಇರುವ ಅಲ್ಪಸ್ವಲ್ಪವನ್ನು ಆ ಬ್ಯಾಕ್ಟೀರಿಯಾಗಳೇ ಖರ್ಚು ಮಾಡುವುದರಿಂದ ಪಿಎಚ್ ಒಮ್ಮೆಲೇ ಕುಸಿಯಬಹುದು. ಫಿಲ್ಟರಿನಲ್ಲಿ ಒಂದು ಚೀಲ ಕಪ್ಪೆಚಿಪ್ಪು ಇಟ್ಟರೆ ಈ ಭಯ ಬಹುಮಟ್ಟಿಗೆ ತಪ್ಪುತ್ತದೆ. ನಲ್ಲಿ ನೀರಿನ ಕ್ಲೋರಿನ್ ಕಳೆಯಲು ಸೋಡಿಯಂ ಥಯೋಸಲ್ಫೇಟ್ ಕೊಟ್ಟು ಬಳಸುವ ಕ್ರಮವನ್ನು ಅವರು ತಾಳ್ಮೆಯಿಂದ ವಿವರಿಸಿದ್ದನ್ನು ಮಾತ್ರ ಹೇಳಲೇಬೇಕು. ಕರೆಂಟು ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿಯ ಏರ್ ಪಂಪನ್ನು ಕೇಳದೆಯೇ ಸೇರಿಸಿದ್ದರು. ಗಾಳಿಮಳೆಗೆ ತಂತಿ ಹರಿದು ಗಂಟೆಗಟ್ಟಲೆ ಕರೆಂಟಿಲ್ಲದ ನಮ್ಮೂರಿನಲ್ಲಿ ಇದು ದೊಡ್ಡ ಉಪಕಾರ. ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಮತ್ತು ತೇವ ಎಳೆಯುವ ಎಕ್ಸಾಸ್ಟ್ ಫ್ಯಾನು ಅವರ ಪಟ್ಟಿಯಲ್ಲಿ ಇರಲಿಲ್ಲ, ನಾವೇ ಹಾಕಿಸಿದೆವು.

ಅವರ ಗ್ಯಾರಂಟಿ ಶೀಟಿನ ಸೋರಿಕೆಗೆ ಮಾತ್ರ, ಮೋಟಾರಿಗೆ ಇಲ್ಲ. ಅಂದಾಜುಪಟ್ಟಿಯಲ್ಲಿ ಗೋಡೆ-ಶೀಟಿನ ದರವನ್ನೂ ಫಿಲ್ಟರು-ಮೋಟಾರಿನ ದರವನ್ನೂ ಬೇರೆ ಬೇರೆ ಬರೆಸಿಕೊಂಡರೆ, ಮೊದಲನೆಯ ಕೆಲಸವನ್ನಷ್ಟೇ ಇವರಿಗೆ ಕೊಡಲು ಅಡ್ಡಿಯಾಗದು.