"ಪೆಸ್ಟ್ ಕಂಟ್ರೋಲ್ ಮಾಡಿಸಿದೀವಿ ಮೇಡಂ" ಅಂದರೆ ನಂಬಿಬಿಡಬೇಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಕತ್ತಲಾದ ಮೇಲೆ ಇನ್ನೊಂದು ಸಲ ಹೋಗಿ. ಅಡುಗೆಮನೆ ಲೈಟ್ ಹಾಕಬೇಡಿ. ಮೊಬೈಲ್ ಟಾರ್ಚ್ ಹಿಡಿದು ಸಿಂಕ್ ಕೆಳಗಿನ ಬಾಗಿಲು ತೆಗೆದು ಜಿರಳೆ ಇದೆಯಾ ನೋಡಿ. ಬ್ರೋಕರ್ ಮುಖ ಸಿಂಡರಿಸಿದರೆ ಸಿಂಡರಿಸಲಿ. ಬಿ.ಟಿ.ಎಂ. ಲೇಔಟ್ ಕಡೆ ಎರಡು ಬೆಡ್‌ರೂಮಿನ ಮನೆ ಹಿಡಿದು ನಾವು ಪಟ್ಟ ಪಾಡು ಯಾರಿಗೂ ಬೇಡ.

ನೋಡಲು ಹೋದಾಗ ಮನೆ ಥಳಥಳ ಅನ್ನುತ್ತಿತ್ತು. ಹೊಸ ಪೇಂಟ್, ಮಾಡ್ಯುಲರ್ ಕಿಚನ್, ಮೂಲೆಮೂಲೆಗೂ ನುಸಿಗುಳಿಗೆ. "ಪೆಸ್ಟ್ ಕಂಟ್ರೋಲ್ ಮಾಡಿಸಿದೀವಿ ಮೇಡಂ, ಒಂದು ವರ್ಷ ಏನೂ ಬರಲ್ಲ" ಅಂದ ಬ್ರೋಕರ್. ಹಗಲು ಹೊತ್ತು, ಖಾಲಿ ಮನೆ. ಜಿರಳೆ ಎಲ್ಲಿಂದ ಕಾಣಬೇಕು? ಹಾಲುಕ್ಕಿಸಿ, ಸಾಮಾನು ಜೋಡಿಸಿ ಮಲಗಿದ್ದಾಯಿತು. ಮಧ್ಯರಾತ್ರಿ ನೀರಿಗೆಂದು ಎದ್ದು ಲೈಟ್ ಹಾಕಿದರೆ ಕಟ್ಟೆಯ ಮೇಲಿಂದ ಸಣ್ಣಸಣ್ಣ ಹುಳುಗಳು ದಿಕ್ಕಾಪಾಲಾಗಿ ಓಡಿದವು.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಕಾಣುವ ಜಿರಳೆ ಎರಡು ಜಾತಿಯದು. ಮೂರೂವರೆ ಸೆಂಟಿಮೀಟರಿಗೂ ಉದ್ದ ಬೆಳೆದು, ಕೆಂಪು ಕಂದು ಬಣ್ಣಕ್ಕೆ ಇರುವುದು ಅಮೆರಿಕನ್ ಜಿರಳೆ. ಅದು ಚರಂಡಿ, ಮ್ಯಾನ್‌ಹೋಲ್, ಡಕ್ಟ್ (ಮನೆಗಳ ಪೈಪು ಇಳಿಯುವ ಕಿಂಡಿ) ಕಡೆಯಿಂದ ಬರುತ್ತದೆ. ಒಮ್ಮೊಮ್ಮೆ ಹಾರಿ ಎದೆ ಝಲ್ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಅದು ಅಷ್ಟು ದೊಡ್ಡ ತಲೆನೋವಲ್ಲ. ಬಚ್ಚಲ ಜಾಲಿ ಸರಿ ಮಾಡಿಸಿ, ಪೈಪ್ ಸುತ್ತಲಿನ ತೂತಿಗೆ ಬಿಳಿ ಸಿಮೆಂಟ್ ಮೆತ್ತಿದರೆ ತುಂಬಾ ಕಡಿಮೆಯಾಗುತ್ತದೆ. ಹೆದರಬೇಕಾದದ್ದು ಚಿಕ್ಕದಕ್ಕೆ, ಜರ್ಮನ್ ಜಿರಳೆಗೆ. ಒಂದೂವರೆ ಸೆಂಟಿಮೀಟರ್ ದಾಟಲ್ಲ, ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೀಟು. ಅದು ಹೊರಗಿನಿಂದ ಬಂದುಹೋಗುವ ನೆಂಟ ಅಲ್ಲ, ಮನೆಯೊಳಗೇ ಸಂಸಾರ ಹೂಡುತ್ತದೆ. ಹೆಣ್ಣು ಮೊಟ್ಟೆಚೀಲವನ್ನು ಹಿಂದೆ ಅಂಟಿಸಿಕೊಂಡೇ ತಿರುಗುತ್ತದೆ. ಒಂದೊಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಎರಡು ಮೂರು ತಿಂಗಳಲ್ಲಿ ಆ ಮರಿಗಳೂ ದೊಡ್ಡವಾಗುತ್ತವೆ.

ನಮ್ಮ ಮನೆಯಲ್ಲಿ ಇದ್ದದ್ದು ಇದೇ. ಬೆಳಗ್ಗೆ ಸಿಂಕ್ ಪಕ್ಕದ ಟ್ರಾಲಿ ಪೂರ್ತಿ ಹೊರಗೆಳೆದು ಬಾಗಿಲಿನ ಹಿಂಜ್ ಬಿಚ್ಚಿದೆವು. ಹಿಂಜ್ ಕೂರುವ ಗುಂಡಿಯೊಳಗೆ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಪ್ಲೈವುಡ್ ಅಂಚಿನುದ್ದಕ್ಕೂ ಕಾಫಿಪುಡಿ ಉದುರಿಸಿದ ಹಾಗೆ ಹಿಕ್ಕೆ. ಕಪಾಟು ಗೋಡೆಗೆ ಸೇರುವ ಕಡೆ ಆ ಹಿಕ್ಕೆಯ ಮೇಲೇ ಪೇಂಟ್ ಹೊಡೆದಿದ್ದರು! ಉಗುರಿನಲ್ಲಿ ಕೆರೆದರೆ ಪೇಂಟ್ ಸಮೇತ ಪುಡಿಪುಡಿಯಾಗಿ ಬಂತು. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಓನರ್ ಆಂಟಿಗೆ ಫೋನ್ ಮಾಡಿದೆ. "ಹಿಂದಿನೋರು ಇದ್ದಾಗ ಒಂದೂ ಇರ್ಲಿಲ್ಲಮ್ಮ. ನಿಮ್ಮ ಸಾಮಾನಿನ ಜೊತೆ ಬಂದಿರ್ಬೇಕು" ಅಂದರು. ಫೋಟೋ ಕಳಿಸಿದ ಮೇಲೆ ಮಾತು ಸ್ವಲ್ಪ ಮೆತ್ತಗಾಯಿತು. "ನಮ್ಮ ಕಡೆ ಹುಡುಗ ಒಬ್ಬ ಇದಾನೆ, ಕಳಿಸ್ತೀನಿ. ದುಡ್ಡು ನೀವೇ ಕೊಟ್ಬಿಡಿ."

ಆ ಹುಡುಗನ ವಿಷಯಕ್ಕೇ ಈ ಪೋಸ್ಟ್. ಕೈಗೆ ಗ್ಲೌಸ್ ಇಲ್ಲ, ಮುಖಕ್ಕೆ ಮಾಸ್ಕ್ ಇಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದ. ಲೇಬಲ್ ಕಿತ್ತ ಹಳೇ ಬಾಟಲಿ, ಒಳಗೆ ಹಾಲಿನಂಥ ಬಿಳಿ ನೀರು. ಅದನ್ನೇ ಸ್ಪ್ರೇಯರಿಗೆ ಬಗ್ಗಿಸಿದ. "ಏನಪ್ಪಾ ಇದು?" ಅಂತ ಕೇಳಿದೆ. "ಹರ್ಬಲ್ ಮೇಡಂ. ವಾಸನೆ ಜಾಸ್ತಿ ಇದ್ರೆ ಪವರ್ ಜಾಸ್ತಿ!" ಪಾತ್ರೆ ತೆಗೆದಿಡಲು ಬಿಡುವ ಮೊದಲೇ ತಟ್ಟೆ ಸ್ಟ್ಯಾಂಡಿನ ಮೇಲೂ ಹೊಡೆದ. ರಸೀದಿ ಕೇಳಿದರೆ ಯುಪಿಐ ಮೆಸೇಜೇ ರಸೀದಿಯಂತೆ.

ಅವತ್ತು ಗುಡಿಸಿದಷ್ಟೂ ಸತ್ತ ಜಿರಳೆ. ಓಹೋ ಕೆಲಸ ಆಯ್ತು ಅನ್ನಿಸುವುದು ಸಹಜ, ಇಂಥವರ ವ್ಯಾಪಾರ ನಡೆಯುವುದೇ ಅದರಿಂದ. ಆಮೇಲೆ ಶುರುವಾಯಿತು ನೋಡಿ. ಅಡುಗೆಮನೆ ಬಿಟ್ಟು ಬೆಡ್‌ರೂಮಿನಲ್ಲಿ, ಪುಸ್ತಕದ ಕಪಾಟಿನಲ್ಲಿ, ಬೆಚ್ಚಗಿರುವ ವೈಫೈ ರೂಟರ್ ಒಳಗೆ, ಫ್ರಿಜ್ ಬಾಗಿಲಿನ ರಬ್ಬರಿನಲ್ಲಿ ಜಿರಳೆ. ಎದುರು ಮನೆಯವರು ಬಂದು "ನಿಮ್ಮನೇಲಿ ಏನ್ ಹೊಡೆಸಿದ್ರಿ? ಎಲ್ಲಾ ನಮ್ಮನೆಗೆ ಬಂದ್ವು" ಅಂದರು. ಮಗನಿಗೆ ಕೆಮ್ಮು, ಉಬ್ಬಸ ಜಾಸ್ತಿಯಾಯಿತು. ತೋರಿಸಿದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಮನೇಲಿ ಜಿರಳೆ ಇದೆಯಾ?" ಜಿರಳೆಯ ಹಿಕ್ಕೆ, ಉದುರಿದ ಸಿಪ್ಪೆಯ ಧೂಳು ಅಸ್ತಮಾ ಕೆರಳಿಸುತ್ತದೆ. ಅದರ ಮೇಲೆ ಸ್ಪ್ರೇ ಘಾಟು ಬೇರೆ.

ಕೊನೆಗೆ ಲೈಸೆನ್ಸ್ ಇರುವವರನ್ನು ನಾವೇ ಹುಡುಕಿ ಕರೆಸಿದೆವು. ಬಂದವರು ಮೊದಲು ಸ್ಪ್ರೇ ಕ್ಯಾನ್‌ಗಳನ್ನೆಲ್ಲ ಎತ್ತಿಡಿಸಿದರು. ಮಾಮೂಲಿ ಸ್ಪ್ರೇಗಳಲ್ಲಿರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಜರ್ಮನ್ ಜಿರಳೆ ಅದಕ್ಕೆ ಬಹಳ ಕಡೆ ಒಗ್ಗಿಹೋಗಿದೆ. ಸಾಯದೆ ಉಳಿದವು ಘಾಟಿಗೆ ಹೆದರಿ ಚದುರುತ್ತವೆ. ಮೊಟ್ಟೆಚೀಲದ ಒಳಗಿನದಕ್ಕಂತೂ ಏನೂ ಆಗಲ್ಲ. ಅದಕ್ಕೇ ಜೆಲ್ ಬಳಸುವುದು. ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಅನ್ನುವ ವಿಷ ಇರುವ ಜೆಲ್ಲನ್ನು ಹಿಂಜ್, ಟ್ರಾಲಿ ಚಾನೆಲ್, ಸಿಂಕ್ ಅಡಿ, ಫ್ರಿಜ್ ಮೋಟಾರ್ ಹತ್ತಿರ ಎರಡು ಮೂರು ಮಿಲಿಮೀಟರಿನ ಚುಕ್ಕೆಯಾಗಿ ಇಡುತ್ತಾರೆ. ತಿಂದದ್ದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಆ ಚುಕ್ಕೆಗಳ ಹತ್ತಿರ ಸ್ಪ್ರೇ, ಫಿನಾಯಿಲ್ ಏನೂ ತಾಗಿಸಬಾರದು, ವಾಸನೆಗೆ ಅವು ಬಾಯೇ ಹಾಕಲ್ಲ. ರಾತ್ರಿ ಸಿಂಕಿನಲ್ಲಿ ಮುಸುರೆ ಬಿಡಬಾರದು, ನೀರು ಒರೆಸಿರಬೇಕು. ಮೊಟ್ಟೆ ಒಡೆದು ಬರುವವಕ್ಕಾಗಿ ಕೆಲವು ವಾರ ಬಿಟ್ಟು ಮತ್ತೆ ಜೆಲ್ ಇಡಬೇಕು. ಒಂದೇ ದಿನದಲ್ಲಿ ಮುಗಿಸ್ತೀನಿ ಅನ್ನುವವನನ್ನು ಬಾಗಿಲಲ್ಲೇ ಕಳಿಸಿಬಿಡಿ.

ಇನ್ನು ಲೈಸೆನ್ಸ್. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳ ಪ್ರಕಾರ ಪೆಸ್ಟ್ ಕಂಟ್ರೋಲ್ ವ್ಯಾಪಾರಕ್ಕೆ ಪರವಾನಗಿ ಬೇಕೇ ಬೇಕು. ಪರವಾನಗಿಗೆ ಪದವಿಯ ಜೊತೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಂಥ ಕಡೆ ತರಬೇತಿ ಆಗಿರಬೇಕು. ಕೇಳಿ, ನಾಚಿಕೊಳ್ಳಬೇಡಿ. ಔಷಧಿಯ ಡಬ್ಬ ಕಣ್ಣೆದುರಿಗೇ ತೆಗೆಯಲಿ. ಅದರ ಮೇಲೆ ಎರಡು ತ್ರಿಕೋನದ ಚೌಕ ಇರುತ್ತದೆ. ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ, ಹಸಿರಾಗಿದ್ದರೆ ಎಲ್ಲಕ್ಕಿಂತ ಕಡಿಮೆ. ನಡುವೆ ಹಳದಿ, ನೀಲಿ. ಲೇಬಲ್ ಇಲ್ಲದ ಬಾಟಲಿಯಲ್ಲಿ ಏನು ಬೇಕಾದರೂ ಇರಬಹುದು. ಹಿಂದೆಲ್ಲ ಮನೆಗಳಿಗೆ ಹೊಡೆಯುತ್ತಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧ. "ಮಾತ್ರೆ ಇಟ್ಟು ಬಾಗಿಲು ಹಾಕ್ತೀವಿ" ಅಂದರಂತೂ ಖಡಾಖಂಡಿತ ಬೇಡ ಅನ್ನಿ. ಗೋದಾಮಿನ ಕಾಳಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಬರುವ ಫಾಸ್ಫೀನ್ ಅನಿಲ ಪಕ್ಕದ ಮನೆಯವರ ಜೀವವನ್ನೂ ತೆಗೆಯಬಲ್ಲದು.

ನಮ್ಮ ಮನೆಯಲ್ಲಿ ಜೆಲ್‌ನಿಂದ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೇಲಿನ ಮನೆಯವರು ಮಾಡಿಸಲು ಒಪ್ಪಲಿಲ್ಲ, ಡಕ್ಟ್ ಒಂದೇ. ಬೇಸತ್ತು ಖಾಲಿ ಮಾಡಿದೆವು. ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ವಾಡಿಕೆ, ಅದು ಗೊತ್ತಿತ್ತು. ಆಂಟಿ ಅದರ ಜೊತೆಗೆ ಪೆಸ್ಟ್ ಕಂಟ್ರೋಲ್ ಅಂತಲೂ ಮುರಿದುಕೊಂಡರು! ಅಗ್ರಿಮೆಂಟಿನಲ್ಲಿ ಅದರ ಸುದ್ದಿಯೇ ಇರಲಿಲ್ಲ, ಹಾಗಾಗಿ ವಾದಕ್ಕೂ ಹಿಡಿತ ಸಿಗಲಿಲ್ಲ. ನೀವು ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕುವಾಗ ಒಂದು ಸಾಲು ಬರೆಸಿಕೊಳ್ಳಿ: ಬರುವ ಮೊದಲಿನ ಪೆಸ್ಟ್ ಕಂಟ್ರೋಲ್ ಓನರ್ ಖರ್ಚು, ರಸೀದಿ ತೋರಿಸಬೇಕು. ಸಾಮಾನು ಇಳಿಸುವ ಮುಂಚೆಯೇ ಕಪಾಟುಗಳ ವಿಡಿಯೋ ಮಾಡಿ ಓನರಿಗೆ ವಾಟ್ಸಾಪ್ ಮಾಡಿಬಿಡಿ.

ಇಂಥ ಮನೆಯಿಂದ ಹೊರಡುತ್ತಿದ್ದರೆ ಇನ್ನೊಂದು ವಿಷಯ. ಅಡುಗೆಮನೆಯಲ್ಲಿದ್ದ ರಟ್ಟಿನ ಡಬ್ಬ ಒಂದನ್ನೂ ಒಯ್ಯಬೇಡಿ, ರಟ್ಟಿನ ಮಡಿಕೆಗಳಲ್ಲಿ ಅವು ಸೊಗಸಾಗಿ ಪ್ರಯಾಣ ಮಾಡುತ್ತವೆ. ಮಿಕ್ಸಿಯ ತಳ, ಫ್ರಿಜ್ ಹಿಂದಿನ ನೀರಿನ ತಟ್ಟೆ, ವಾಟರ್ ಫಿಲ್ಟರಿನ ಮುಚ್ಚಳ ಮೂರನ್ನೂ ಬಿಚ್ಚಿ ನೋಡಿಯೇ ಲಾರಿಗೆ ಹಾಕಿಸಿ.